ಕೆರೆಗೆ ಬಂದ ಹಕ್ಕಿಗೆ ಎಷ್ಟು ಹತ್ತಿರ ಹೋಗಬಹುದು?

ಚಳಿ ಶುರುವಾದರೆ ಸಾಕು, ಈ ಅಂಕಣಕ್ಕೆ ಹಕ್ಕಿಗಳ ಮೇಲಿನ ಪ್ರಶ್ನೆಗಳೇ ಜಾಸ್ತಿ ಬರುತ್ತವೆ. ಈ ಸಲ ದಾವಣಗೆರೆ, ಹರಿಹರ, ಜಗಳೂರು, ಚಿತ್ರದುರ್ಗದ ಕಡೆಯವರು ತುಂಬಾ ಬರೆದಿದ್ದೀರಿ. ಅದಕ್ಕೇ ಈ ತಿಂಗಳು ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿಕೊಂಡಿದ್ದೇನೆ.

ಪ್ರಶ್ನೆ: ನಾನು ಡಿಗ್ರಿ ಓದುತ್ತಿದ್ದೇನೆ. ಭಾನುವಾರ ಮಾತ್ರ ಪುರುಸೊತ್ತು, ಬೈಕ್ ಇದೆ. ದಾವಣಗೆರೆಯಿಂದ ಬೆಳಗ್ಗೆ ಹೋಗಿ ಮಧ್ಯಾಹ್ನದೊಳಗೆ ವಾಪಸ್ ಬರುವಷ್ಟು ಹತ್ತಿರದಲ್ಲಿ ಹಕ್ಕಿ ನೋಡುವ ಜಾಗ ಯಾವುದಿದೆ? ಫೋಟೊ ತೆಗೆಯುವ ಆಸೆಯೂ ಇದೆ.
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲು ಕುಂದವಾಡ ಕೆರೆಗೇ ಹೋಗಿ. ಪಕ್ಕದಲ್ಲೇ ಇದೆಯಲ್ಲ ಅಂತ ಹಗುರ ಮಾಡಬೇಡಿ. ಅಲ್ಲಿ ದಿನಾ ಬೆಳಗ್ಗೆ ವಾಕಿಂಗ್ ಮಾಡುವವರು ಇರುತ್ತಾರೆ, ಹಾಗಾಗಿ ಹಕ್ಕಿಗಳಿಗೆ ಜನರ ಓಡಾಟ ರೂಢಿಯಾಗಿದೆ. ಹಳ್ಳಿ ಕೆರೆಯಲ್ಲಿ ನಿಮ್ಮ ತಲೆ ಕಂಡೊಡನೆ ಹಾರಿಬಿಡುವ ನೀರುಕಾಗೆ ಇಂಥ ಕಡೆ ರೆಕ್ಕೆ ಹರಡಿಕೊಂಡು ಬಿಸಿಲು ಕಾಯಿಸುತ್ತಾ ಆರಾಮಾಗಿ ಕೂತಿರುತ್ತದೆ. ನಾಮದ ಕೋಳಿ, ಗುಳುಮುಳುಕ, ಬೆಳ್ಳಕ್ಕಿ, ಮಿಂಚುಳ್ಳಿ ಇವನ್ನು ಇಲ್ಲೇ ಚೆನ್ನಾಗಿ ಗುರುತು ಹಿಡಿಯಲು ಕಲಿಯಿರಿ. ದಿನಾ ಇರುವ ಹಕ್ಕಿ ಗೊತ್ತಿದ್ದರೆ ತಾನೇ, ಹೊಸದು ಬಂದಾಗ ಹೊಸದು ಅಂತ ತಿಳಿಯುವುದು?

ಎರಡನೆಯದು ಗದ್ದೆ. ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ನನಗೆ ಮಾತ್ರ ದಾವಣಗೆರೆ ಸುತ್ತಮುತ್ತ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನಿಸುತ್ತದೆ. ಭದ್ರಾ ನಾಲೆಗೆ ಬೇಸಿಗೆ ಬೆಳೆಗೆ ನೀರು ಬಿಟ್ಟ ಮೇಲೆ, ಜನವರಿ–ಫೆಬ್ರವರಿಯಲ್ಲಿ, ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರ್ ಗದ್ದೆಯಲ್ಲಿ ಕೆಸರು ಹೊಡೆಯುತ್ತಿರುತ್ತದಲ್ಲ, ಅದರ ಹಿಂದೆ ನೋಡಿ. ಮಣ್ಣಡಿಯಿಂದ ಎದ್ದ ಹುಳ, ಕಪ್ಪೆ, ಏಡಿ ಹಿಡಿಯಲು ಬೆಳ್ಳಕ್ಕಿಗಳು ಚಕ್ರಕ್ಕೆ ತಾಗುವಷ್ಟು ಹತ್ತಿರ ಬರುತ್ತವೆ. ಸ್ವಲ್ಪ ಆಚೆ ಕೆಂಬರಲು, ಉದ್ದ ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ. ಬದುವಿನ ಮೇಲೆ ಬಾಲ ಕುಣಿಸುತ್ತಾ ಓಡುವ ಹಳದಿ ಸಿಪಿಲೆ. ಇನ್ನೂ ಕಣ್ಣಿಟ್ಟು ನೋಡಿದರೆ ಮಣ್ಣಿನ ಬಣ್ಣದಲ್ಲೇ ಕರಗಿಹೋಗಿರುವ ಗದ್ದೆಗೊರವ. ಕೊನೆಯ ಎರಡೂ ಚಳಿಗಾಲಕ್ಕೆ ಮಾತ್ರ ಬರುವ ಅತಿಥಿಗಳು. ಗದ್ದೆಯವರನ್ನು ಒಂದು ಮಾತು ಕೇಳಿ, ನಾಟಿ ಮಾಡಿದ ಗದ್ದೆಗೆ ಕಾಲಿಡಬೇಡಿ, ಬದುವಿನ ಮೇಲೇ ಇರಿ.

ಆಮೇಲೆ ಕೊಂಡಜ್ಜಿ. ಕೆರೆ, ಗುಡ್ಡ, ಕುರುಚಲು ಕಾಡು ಮೂರೂ ಒಂದೇ ಕಡೆ ಇರುವುದರಿಂದ ನೀರಿನ ಹಕ್ಕಿ, ಕಾಡಿನ ಹಕ್ಕಿ ಎರಡನ್ನೂ ಒಂದೇ ಬೆಳಗ್ಗೆ ನೋಡಬಹುದು. ಸೂಳೆಕೆರೆಗೆ ಅಂದರೆ ಇಡೀ ದಿನ ಬಿಡುವು ಮಾಡಿಕೊಂಡೇ ಹೋಗಿ. ಅದು ತುಂಬಾ ದೊಡ್ಡದು, ಬಾತುಗಳು ಕೆರೆಯ ನಡುವೆ ಚುಕ್ಕೆಗಳ ಹಾಗೆ ಕಾಣುತ್ತವೆ. ಬೈನಾಕ್ಯುಲರ್ ಇದ್ದವರಿಗೆ ಹಬ್ಬ, ಕ್ಯಾಮೆರಾ ಮಾತ್ರ ಇದ್ದವರಿಗೆ ಬೇಸರ.

ಹೊತ್ತಿನ ವಿಷಯ. ಡಿಸೆಂಬರ್ ಕೊನೆ, ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು 6.45ರ ಆಸುಪಾಸಿನಲ್ಲಿ. ಅಷ್ಟೊತ್ತಿಗೆ ನೀವು ಕೆರೆ ದಂಡೆಯಲ್ಲಿರಬೇಕು. ಅದೂ ಪೂರ್ವದ ದಂಡೆಯಲ್ಲಿ, ಸೂರ್ಯ ನಿಮ್ಮ ಬೆನ್ನಿಗೆ ಬರುವ ಹಾಗೆ. ಪಶ್ಚಿಮದ ದಂಡೆಯಲ್ಲಿ ನಿಂತರೆ ಎದುರು ಬಿಸಿಲು ಹೊಡೆದು ಹಕ್ಕಿಯೆಲ್ಲ ಕಪ್ಪು ನೆರಳಾಗುತ್ತದೆ. ಸಂಜೆಗೆ ಇದು ತಿರುಗುಮುರುಗು.

ಪ್ರಶ್ನೆ: ಕೊಕ್ಕರೆ ಬಂದರೂ ಸೈಬೀರಿಯಾ ಹಕ್ಕಿ, ಬಾತು ಬಂದರೂ ಸೈಬೀರಿಯಾ ಹಕ್ಕಿ ಅಂತಾರೆ. ಎಲ್ಲವೂ ಅಲ್ಲಿಂದಲೇ ಬರುತ್ತವಾ?
— ಅಂಗಡಿ ವ್ಯಾಪಾರಿ, ಹೊಳಲ್ಕೆರೆ

ಉತ್ತರ: ಇಲ್ಲ. ಬಣ್ಣದ ಕೊಕ್ಕರೆ ಪಕ್ಕಾ ನಮ್ಮದೇ ಹಕ್ಕಿ. ವಿಜಯನಗರ ಜಿಲ್ಲೆಯ ಅಂಕಸಮುದ್ರಕ್ಕೆ ಹೋದರೆ ನೀರಿನೊಳಗಿನ ಜಾಲಿ ಮರಗಳ ಮೇಲೆ ಅವು ಗೂಡು ಕಟ್ಟಿ ಮರಿ ಮಾಡುವುದನ್ನೇ ನೋಡಬಹುದು. ಕೆಂಬರಲು, ಚುಕ್ಕೆ ಕೊಕ್ಕಿನ ಬಾತು, ಸಿಳ್ಳೆ ಬಾತು ಕೂಡ ಇಲ್ಲಿಯವೇ. ನೀರು, ಮೀನು ಎಲ್ಲಿದೆಯೋ ಅಲ್ಲಿಗೆ ಕೆರೆಯಿಂದ ಕೆರೆಗೆ ಓಡಾಡುತ್ತವೆ ಅಷ್ಟೇ.

ದೂರದಿಂದ ಬರುವವು ಬೇರೆ. ಚೂಪು ಬಾಲದ ಸೂಜಿಬಾಲದ ಬಾತು, ಗಂಡಿನ ಕಣ್ಣಿನ ಮೇಲೆ ಬಿಳಿ ಹುಬ್ಬಿನಂಥ ಪಟ್ಟಿ ಇರುವ ಗಾರ್ಗನಿ ಬಾತು, ಇವು ಸೈಬೀರಿಯಾ, ಮಧ್ಯ ಏಷ್ಯಾದ ಕಡೆಯವು. ಪಟ್ಟೆತಲೆ ಹೆಬ್ಬಾತು ಟಿಬೆಟ್, ಮಂಗೋಲಿಯಾ ಕಡೆಯದು, ಹಿಮಾಲಯ ದಾಟಿಕೊಂಡೇ ಬರಬೇಕು. ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ ಅದು 7 ಸಾವಿರ ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ಗೊತ್ತಾಗಿದೆ. ಅದನ್ನು ಗುಂಪು ಗುಂಪಾಗಿ ನೋಡಬೇಕಾದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ಮಾಗಡಿ, ಅಂಕಸಮುದ್ರ ಎರಡೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿವೆ. ನಮ್ಮ ಹತ್ತಿರದ ಜಿಲ್ಲೆಗಳ ಕೆರೆಗಳಿಗೆ ಈ ಹೆಸರು ಬಂದದ್ದು ನನಗಂತೂ ತುಂಬಾ ಖುಷಿ.

ಪ್ರಶ್ನೆ: ಮೊಬೈಲ್‌ನಲ್ಲಿ ಹಕ್ಕಿ ಚುಕ್ಕೆಯಾಗಿ ಬರುತ್ತದೆ. ಕ್ಯಾಮೆರಾ ತಗೊಳ್ಳೋಣ ಅಂದರೆ ಲೆನ್ಸ್ ರೇಟ್ ಕೇಳಿ ತಲೆ ತಿರುಗಿತು. ಕಡಿಮೆ ಖರ್ಚಲ್ಲಿ ಏನು ಮಾಡಬಹುದು?
— ಬ್ಯಾಂಕ್ ನೌಕರ, ಚಿತ್ರದುರ್ಗ

ಉತ್ತರ: ಮೊದಲು ಬೈನಾಕ್ಯುಲರ್ ತಗೊಳ್ಳಿ. ಕ್ಯಾಮೆರಾ ಆಮೇಲೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಕ್ಯಾಮೆರಾದಿಂದಲೇ ಶುರು ಮಾಡಿದವರು ಹಕ್ಕಿಯನ್ನು ನೋಡುವುದಕ್ಕಿಂತ ಪರದೆಯನ್ನು ನೋಡುವುದೇ ಜಾಸ್ತಿ. 8x42 ಅಂತ ಬರೆದದ್ದು ಕೇಳಿ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಗಾಜು ಅಗಲ ಇದ್ದಷ್ಟೂ ಮುಂಜಾನೆ ಮಬ್ಬಿನಲ್ಲಿ ಚೆನ್ನಾಗಿ ಕಾಣುತ್ತದೆ. 10 ಪಟ್ಟಿಗಿಂತ ಮೇಲಿನದು ಬೇಡ, ಕೈ ನಡುಗಿದರೆ ಹಕ್ಕಿಯೂ ನಡುಗುತ್ತದೆ. ಬೈನಾಕ್ಯುಲರಿನ ಒಂದು ಕಣ್ಣಿಗೆ ಮೊಬೈಲ್ ಕ್ಯಾಮೆರಾ ಸರಿಯಾಗಿ ಒತ್ತಿ ಹಿಡಿದರೆ ಗುರುತು ಹಿಡಿಯುವಷ್ಟು ಫೋಟೊ ಬಂದೇ ಬರುತ್ತದೆ. ನಾಲ್ಕೈದು ಸಲ ಮಾಡಿದರೆ ಕೈ ಕೂರುತ್ತದೆ.

ಕ್ಯಾಮೆರಾನೇ ಬೇಕು ಅಂದರೆ ಲೆನ್ಸ್ ಬಿಚ್ಚಲು ಬಾರದ ಸೂಪರ್‌ಜೂಮ್ ಕ್ಯಾಮೆರಾಗಳು ಇವೆ. ನಿಕಾನ್ ಪಿ900ರಲ್ಲಿ 83 ಪಟ್ಟು ಜೂಮ್ ಇದೆ, ದೊಡ್ಡ ಕ್ಯಾಮೆರಾದ ಲೆಕ್ಕದಲ್ಲಿ 2000 ಎಂಎಂ ಲೆನ್ಸಿಗೆ ಸಮ. ಕೆರೆಯ ಆಚೆ ದಡದ ಹಕ್ಕಿಯೂ ಸಿಗುತ್ತದೆ. ಆದರೆ ಇವುಗಳ ಸೆನ್ಸರ್ ಚಿಕ್ಕದು, ಬೆಳಕು ಕಡಿಮೆಯಾದರೆ ಫೋಟೊ ತುಂಬ ಮರಳು ಮರಳು. ಹಾರುವ ಹಕ್ಕಿಯನ್ನು ಹಿಡಿಯುವುದೂ ಕಷ್ಟ. ಎರಡನೇ ದಾರಿ, ಹಳೆಯ ಡಿಎಸ್ಎಲ್ಆರ್, ಅಂದರೆ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡು ಅದಕ್ಕೆ 70–300 ಎಂಎಂ ಲೆನ್ಸ್ ಹಾಕುವುದು. 150–600ರ ದೊಡ್ಡ ಲೆನ್ಸ್ ಆಮೇಲೆ ನೋಡಿಕೊಳ್ಳಿ. ಎರಡು ಚಳಿಗಾಲ ಕಳೆದ ಮೇಲೂ ಈ ಹುಚ್ಚು ಇಳಿಯದಿದ್ದರೆ ಆಗ ದುಡ್ಡು ಹಾಕಿ.

ಪ್ರಶ್ನೆ: ಬೆಳ್ಳಕ್ಕಿ ತೆಗೆದರೆ ಬರೀ ಬಿಳಿ ಮುದ್ದೆ, ಗರಿಯೇ ಕಾಣುವುದಿಲ್ಲ. ಹದ್ದು ತೆಗೆದರೆ ಬರೀ ಕಪ್ಪು. ಕ್ಯಾಮೆರಾ ಕೆಟ್ಟಿದೆಯಾ?
— ಫೋಟೊ ಹವ್ಯಾಸಿ, ಹರಿಹರ

ಉತ್ತರ: ಕ್ಯಾಮೆರಾ ಸರಿಯಾಗೇ ಇದೆ. ಅದು ಎದುರಿಗಿರುವ ಎಲ್ಲವನ್ನೂ ಒಂದು ಮಧ್ಯಮ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ಇದ್ದರೆ ನೀರು ಕಪ್ಪಾಯಿತು ಅಂತ ಬೆಳಕು ಏರಿಸುತ್ತದೆ, ಬೆಳ್ಳಕ್ಕಿ ಸುಟ್ಟುಹೋಗುತ್ತದೆ. ಬೆಳ್ಳನೆ ಆಕಾಶದ ಮುಂದೆ ಹದ್ದು ಇದ್ದರೆ ಇದಕ್ಕೆ ಉಲ್ಟಾ. ಕ್ಯಾಮೆರಾದಲ್ಲಿ ಪ್ಲಸ್–ಮೈನಸ್ ಗುರುತಿನ ಬಟನ್ ಇರುತ್ತದೆ. ಬಿಳಿ ಹಕ್ಕಿಗೆ ಮೈನಸ್ ಕಡೆಗೆ ಮುಕ್ಕಾಲೋ ಒಂದೋ ಇಳಿಸಿ. ಆಕಾಶದಲ್ಲಿರುವ ಹದ್ದಿಗೆ ಪ್ಲಸ್ ಒಂದು, ಸಾಲದಿದ್ದರೆ ಇನ್ನೂ ಸ್ವಲ್ಪ.

ಶಟರ್ ಸ್ಪೀಡ್ ಕೂಡ ನೋಡಿಕೊಳ್ಳಿ. ಕೂತ ಹಕ್ಕಿಗೆ 1/500 ಸೆಕೆಂಡ್ ಸಾಕು, ಹಾರುವುದಕ್ಕೆ 1/2000 ಬೇಕು. ಐಎಸ್ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, ಏರಿದರೆ ಏರಲಿ, ಮರಳು ಮರಳಾದ ಫೋಟೊವನ್ನು ಸ್ವಲ್ಪ ಸರಿ ಮಾಡಬಹುದು, ಅಲುಗಾಡಿದ್ದನ್ನು ಏನೂ ಮಾಡಲಾಗುವುದಿಲ್ಲ. ಇನ್ನೊಂದು ವಿಷಯ. ಒಂಬತ್ತು, ಒಂಬತ್ತೂವರೆ ಆದ ಮೇಲೆ ಬಿಸಿಲಿಗೆ ನೆಲ ಕಾದು ಅದರ ಮೇಲಿನ ಗಾಳಿ ನಡುಗುತ್ತದೆ. ಆಗ ದೂರದ ಹಕ್ಕಿ ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಚೂಪಾಗಿ ಬರುವುದಿಲ್ಲ. ಲೆನ್ಸ್ ಸರಿಯಿಲ್ಲ ಅಂತ ಸುಮ್ನೆ ಅಂಗಡಿಗೆ ಅಲೆಯಬೇಡಿ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಒಬ್ಬರು ಬಾತುಗಳು ಹಾರುವ ಫೋಟೊ ಬೇಕು ಅಂತ ನೀರಿಗೆ ಕಲ್ಲು ಎಸೆದು ಎಬ್ಬಿಸುತ್ತಾರೆ. "ಹಕ್ಕಿಗೆ ಕಲ್ಲು ತಾಗಲ್ಲ, ಹಾರಿ ಮತ್ತೆ ಅಲ್ಲೇ ಕೂರುತ್ತವೆ, ಏನಾಯ್ತು?" ಅಂತಾರೆ. ನನಗೆ ಮನಸ್ಸಿಗೆ ಸರಿ ಬರಲಿಲ್ಲ. ಎಷ್ಟು ಹತ್ತಿರ ಹೋಗುವುದು ಸರಿ? ಮೀಟರ್ ಲೆಕ್ಕದಲ್ಲಿ ಹೇಳಲು ಆಗುತ್ತದಾ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಮನಸ್ಸು ಹೇಳಿದ್ದೇ ಸರಿ ಕಣಮ್ಮ. ಈ ತಿಂಗಳ ಪತ್ರಗಳಲ್ಲಿ ನಾನು ಬಹಳ ಹೊತ್ತು ಯೋಚಿಸಿದ್ದು ಇದರ ಬಗ್ಗೆಯೇ.

ಕೆರೆಯ ನಡುವೆ ಹಗಲಿಡೀ ಸುಮ್ಮನೆ ತೇಲುತ್ತಾ ಇರುವ ಬಾತುಗಳನ್ನು ನೋಡಿ ಇವಕ್ಕೆ ಕೆಲಸ ಇಲ್ಲ ಅಂದುಕೊಳ್ಳುತ್ತೇವೆ. ಹಾಗಲ್ಲ. ಸೂಜಿಬಾಲದ ಬಾತು, ಗಾರ್ಗನಿ, ಪಟ್ಟೆತಲೆ ಹೆಬ್ಬಾತು ಇವೆಲ್ಲ ಹೆಚ್ಚಾಗಿ ರಾತ್ರಿ ಮೇಯುತ್ತವೆ. ಕತ್ತಲಾಗುವ ಹೊತ್ತಿಗೆ ಕೆರೆ ಬಿಟ್ಟು ಗದ್ದೆಗೆ, ಹೊಲಕ್ಕೆ, ಜೌಗಿಗೆ ಹೋಗಿ ಕಾಳು, ಚಿಗುರು, ಹುಳ ತಿಂದು ಬೆಳಗಾಗುವುದರೊಳಗೆ ವಾಪಸ್ ಬರುತ್ತವೆ. ಹಗಲು ಅವಕ್ಕೆ ನಿದ್ದೆ. ನಾಯಿ, ನರಿ ಬಾರದ ಜಾಗ ಅಂತ ಕೆರೆಯ ನಡುವೆ ಮಲಗಿರುತ್ತವೆ. ನೀವು ಕಲ್ಲು ಎಸೆದು ಎಬ್ಬಿಸಿದ್ದು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರನ್ನು ಬಾಗಿಲು ಬಡಿದು ಎಬ್ಬಿಸಿದ ಹಾಗೆ.

ಅಷ್ಟೇ ಆದರೆ ಹೋಗಲಿ ಅನ್ನಬಹುದಿತ್ತು. ಈ ಹಕ್ಕಿಗಳು ಇಲ್ಲಿಗೆ ಬಂದಿರುವುದೇ ತಿಂದು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುವುದಕ್ಕೆ. ಫೆಬ್ರವರಿ–ಮಾರ್ಚ್ ಹೊತ್ತಿಗೆ ಇವು ವಾಪಸ್ ಹೊರಡಬೇಕು. ಆ ದಾರಿಗೆ ಬೇಕಾದ ಪೆಟ್ರೋಲ್ ಆ ಕೊಬ್ಬೇ. ಗಾರ್ಗನಿ ಅನ್ನುವುದು ಅರ್ಧ ಕೆಜಿ ಕೂಡ ತೂಗದ ಹಕ್ಕಿ. ಕೆರೆಯಂಚಿನ ಕೆಸರಿನಲ್ಲಿ ಓಡುವ ಲಿಟಲ್ ಸ್ಟಿಂಟ್ ಅಂತೂ ಮೂವತ್ತು ಗ್ರಾಂ ಒಳಗೇ ಇರುತ್ತದೆ, ಅದು ಮರಿ ಮಾಡುವುದು ಉತ್ತರ ಧ್ರುವದ ಹತ್ತಿರದ ಟುಂಡ್ರಾದಲ್ಲಿ. ಒಂದು ಸಲ ಎಬ್ಬಿಸಿದರೆ ಒಂದಿಷ್ಟು ಕೊಬ್ಬು ಕರಗುತ್ತದೆ. ನೀವು ಹೋದ ಮೇಲೆ ಇನ್ನೊಬ್ಬರು ಬರುತ್ತಾರೆ, ಅವರು ಹೋದ ಮೇಲೆ ಇನ್ನೊಂದು ಗುಂಪು. ಭಾನುವಾರವಂತೂ ಕೇಳುವುದೇ ಬೇಡ. ಹೀಗೆ ಎಬ್ಬಿಸುತ್ತಾ ಹೋದರೆ ಹಕ್ಕಿಗಳು ಆ ಕೆರೆಯನ್ನೇ ಬಿಡುತ್ತವೆ, ಆಮೇಲೆ "ಈ ವರ್ಷ ಯಾಕೋ ಬಂದಿಲ್ಲ" ಅಂತ ನಾವೇ ಮಾತಾಡಿಕೊಳ್ಳುತ್ತೇವೆ.

ಇನ್ನು ಮೀಟರ್ ಲೆಕ್ಕ. ಅದನ್ನು ಹೇಳಲು ಬರುವುದಿಲ್ಲ, ಯಾಕೆಂದರೆ ಊರ ಕೆರೆಯ ಹಕ್ಕಿಗೂ ಹಳ್ಳಿ ಕೆರೆಯ ಹಕ್ಕಿಗೂ ತುಂಬಾ ವ್ಯತ್ಯಾಸ. ಅಳತೆಯನ್ನು ಹಕ್ಕಿಯೇ ಹೇಳುತ್ತದೆ. ಮೇಯುತ್ತಿದ್ದದ್ದು ಮೇಯುವುದು ನಿಲ್ಲಿಸಿ ಕತ್ತು ಎತ್ತಿತಾ? ಗುಂಪಿನಲ್ಲಿ ಎಲ್ಲವೂ ಒಂದೇ ಕಡೆ ಮುಖ ಮಾಡಿದವಾ? ತಲೆ ಮೇಲೆ ಕೆಳಗೆ ಆಡಿಸುತ್ತಿದೆಯಾ? ಮೆಲ್ಲಗೆ ನಿಮ್ಮಿಂದ ದೂರ ಈಜುತ್ತಿದೆಯಾ? ಟಿಟ್ಟಿಭ ಕೂಗಲು ಶುರು ಮಾಡಿತಾ? ಇದರಲ್ಲಿ ಒಂದು ಕಂಡರೂ ನೀವು ಆಗಲೇ ಗೆರೆ ದಾಟಿದ್ದೀರಿ ಅಂತ ಅರ್ಥ. ಅಲ್ಲೇ ನಿಲ್ಲಿ, ಎರಡು ಹೆಜ್ಜೆ ಹಿಂದಕ್ಕೆ ಬನ್ನಿ, ಕೂತುಬಿಡಿ.

ಕೂರುವುದು ಅಂದೆನಲ್ಲ, ಫೋಟೊದ ಅರ್ಧ ಗುಟ್ಟು ಅದರಲ್ಲೇ ಇದೆ. ನಿಂತ ಮನುಷ್ಯ ಹಕ್ಕಿಗೆ ಭಯ, ಕೂತವನು ಸ್ವಲ್ಪ ಹೊತ್ತಿನಲ್ಲಿ ಗಿಡಗಂಟಿಯ ಲೆಕ್ಕ. ಹಕ್ಕಿ ಬರುವ ಮೊದಲೇ ಹೋಗಿ ಒಂದು ಗಿಡದ ಮರೆಯಲ್ಲಿ, ಮಣ್ಣಿನ ಬಣ್ಣದ ಬಟ್ಟೆ ಹಾಕಿಕೊಂಡು ಅರ್ಧ ಮುಕ್ಕಾಲು ಗಂಟೆ ಅಲುಗಾಡದೆ ಕೂತರೆ ಗದ್ದೆಗೊರವ ತಾನೇ ಮೇಯುತ್ತಾ ಮೇಯುತ್ತಾ ಲೆನ್ಸಿನಲ್ಲಿ ಹಿಡಿಸದಷ್ಟು ಹತ್ತಿರ ಬರುತ್ತದೆ. ಕೂತಾಗ ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ, ಹಿಂದಿನ ದಡ ಮಸುಕಾಗಿ ಫೋಟೊ ಎದ್ದು ಕಾಣುತ್ತದೆ. ದಂಡೆಯ ಮೇಲೆ ನಿಂತು ಕೆಳಕ್ಕೆ ಹೊಡೆದ ಫೋಟೊದಲ್ಲಿ ಈ ಜೀವ ಇರುವುದಿಲ್ಲ. ರಸ್ತೆ ಪಕ್ಕದ ಗದ್ದೆಯಾದರೆ ಕಾರಿನೊಳಗೇ ಇರಿ, ಬಾಗಿಲು ತೆಗೆಯಬೇಡಿ. ಕಾರಿಗೆ ಹೆದರದ ಹಕ್ಕಿ ಕಾರಿನಿಂದ ಇಳಿದ ಮನುಷ್ಯನಿಗೆ ಹೆದರುತ್ತದೆ.

ಹಾರುವ ಫೋಟೊ ಬೇಕೇ ಬೇಕು ಅಂತ ನಿಮ್ಮ ಗೆಳೆಯರು ಹಟ ಹಿಡಿದರೆ ಅದಕ್ಕೂ ದಾರಿ ಇದೆ. ಹಕ್ಕಿಗಳು ಗಾಳಿಗೆ ಎದುರಾಗಿ ಮೇಲೇಳುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ಅಂದರೆ ಗಾಳಿ ನಿಮ್ಮ ಬೆನ್ನಿಗೆ ಬೀಸುವ ಹಾಗೆ ಕೂತರೆ ಅವು ನಿಮ್ಮ ಕಡೆಗೇ ಮುಖ ಮಾಡಿ ಬರುತ್ತವೆ. ಬೆಳ್ಳಕ್ಕಿಗಳು ರಾತ್ರಿ ತಂಗುವ ಮರ ಯಾವುದು ಅಂತ ಒಂದು ಸಂಜೆ ನೋಡಿಟ್ಟುಕೊಳ್ಳಿ. ಮಾರನೇ ದಿನ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಸಾಲು ಸಾಲಾಗಿ ಬರುತ್ತವೆ. ಮರದ ಮೇಲಿನ ಗಿಡುಗ, ಹದ್ದು ಎಷ್ಟೋ ಸಲ ಹಿಕ್ಕೆ ಹಾಕಿದ ಮರುಕ್ಷಣ ಹಾರುತ್ತವೆ, ಅದನ್ನು ಕಂಡೊಡನೆ ಬೆರಳು ಶಟರ್ ಮೇಲೆ ಇರಲಿ. ಕಲ್ಲು ಎಸೆದು ತೆಗೆದ ಫೋಟೊದಲ್ಲಿ ಹಕ್ಕಿ ಯಾವಾಗಲೂ ಬೆನ್ನು ತೋರಿಸಿ ಓಡುತ್ತಿರುತ್ತದೆ. ನಿಮ್ಮ ಗೆಳೆಯರ ಫೋಟೊಗಳನ್ನು ತೆಗೆದು ನೋಡಿ, ಎಲ್ಲದರಲ್ಲೂ ಬರೀ ಬಾಲ ಇರುತ್ತದೆ.

ಪ್ರಶ್ನೆ: ಕೆರೆ ಹತ್ತಿರ ಮಕ್ಕಳು ಬಾತುಗಳಿಗೆ ಮಂಡಕ್ಕಿ ಹಾಕುತ್ತಾರೆ. ಪುಣ್ಯದ ಕೆಲಸ ಅಲ್ವಾ?
— ಗೃಹಿಣಿ, ದಾವಣಗೆರೆ

ಉತ್ತರ: ಬೇಡಮ್ಮ. ಬಾತಿನ ಊಟ ನೀರಿನ ಗಿಡ, ಬೀಜ, ಹುಳ, ಬಸವನಹುಳು. ಮಂಡಕ್ಕಿ ಹೊಟ್ಟೆ ತುಂಬಿಸುತ್ತದೆ, ಮೈಗೆ ಏನೂ ಕೊಡುವುದಿಲ್ಲ, ಉಪ್ಪು ಬೇರೆ ಇರುತ್ತದೆ. ತಿನ್ನದೆ ಉಳಿದದ್ದು ನೀರಿನಲ್ಲಿ ಕೊಳೆಯುತ್ತದೆ, ದಡಕ್ಕೆ ನಾಯಿಗಳು ಬಂದು ಸೇರುತ್ತವೆ. ಮಕ್ಕಳ ಕೈಗೆ ಬೈನಾಕ್ಯುಲರ್ ಕೊಟ್ಟು ಗುಳುಮುಳುಕ ಮುಳುಗಿದರೆ ಎಲ್ಲಿ ಏಳುತ್ತದೆ ಅಂತ ಕೇಳಿ. ಅವು ಅದರಲ್ಲೇ ಮೈಮರೆಯುತ್ತವೆ.

ಪ್ರಶ್ನೆ: ನಮ್ಮ ಹೊಲದ ಪಕ್ಕ ದೊಡ್ಡ ಹುಲ್ಲುಗಾವಲು ಇದೆ. ಚಳಿಗಾಲದಲ್ಲಿ ಗಿಡುಗದಂಥ ಹಕ್ಕಿ ಹುಲ್ಲಿಗೆ ತಾಗುವಷ್ಟು ಕೆಳಗೆ ತೇಲುತ್ತಾ ಹೋಗುತ್ತದೆ. ಕೋಳಿಮರಿ ಎತ್ತಿಕೊಂಡು ಹೋಗುತ್ತದೆ ಅಂತ ಕೆಲವರು ಹೊಡೆಯಲು ನೋಡುತ್ತಾರೆ. ಯಾವ ಹಕ್ಕಿ ಅದು?
— ರೈತ, ಜಗಳೂರು ತಾಲ್ಲೂಕು

ಉತ್ತರ: ಹೊಡೆಯಬೇಡಿ ಅಂತ ದಯವಿಟ್ಟು ಎಲ್ಲರಿಗೂ ಹೇಳಿ. ಅದು ಹ್ಯಾರಿಯರ್, ಕನ್ನಡದಲ್ಲಿ ಸೆಳೆವ ಅಂತಾರೆ. ನೀವು ಬರೆದ ಹಾರಾಟವೇ ಅದರ ಗುರುತು. ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದು, ಆಚೆ ಈಚೆ ವಾಲುತ್ತಾ, ನೆಲ ಹುಡುಕುತ್ತಾ ಹೋಗುತ್ತದೆ. ಗಂಡು ತಿಳಿ ಬೂದು, ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಹುಲ್ಲುಗಾವಲಿಗೆ ಬರುವ ಎರಡು ಮುಖ್ಯ ಜಾತಿಗಳು ಕಝಾಕಸ್ತಾನದಂಥ ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಬಯಲುಗಳಿಗೆ ಬರುತ್ತವೆ. ತಿನ್ನುವುದು ಮಿಡತೆ, ಇಲಿ, ಓತಿಕ್ಯಾತ, ಸಣ್ಣ ಹಕ್ಕಿ. ಇಲಿ, ಮಿಡತೆ ಹಿಡಿಯುವ ಹಕ್ಕಿ ರೈತನಿಗೆ ಸ್ನೇಹಿತ. ಹೊಡೆಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಇವು ರಾತ್ರಿ ಮರದ ಮೇಲೆ ಕೂರುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ಮಲಗುತ್ತವೆ. ಹಾಗಾಗಿ ಸಂಜೆ ಹುಲ್ಲಿನೊಳಗೆ ಬೈಕ್ ನುಗ್ಗಿಸುವುದು, ಹುಲ್ಲಿಗೆ ಬೆಂಕಿ ಹಾಕುವುದು ಇವಕ್ಕೆ ನೇರ ಪೆಟ್ಟು. ಜಗಳೂರು, ಚಳ್ಳಕೆರೆ ಕಡೆಯ ಕಾವಲುಗಳನ್ನು, ಅಂದರೆ ಹುಲ್ಲುಗಾವಲುಗಳನ್ನು, ಬರೀ ಬೀಳು ಭೂಮಿ ಅಂತ ಕರೆಯುವುದು ಕೇಳಿದರೆ ನನಗೆ ಸಂಕಟವಾಗುತ್ತದೆ. ಅಷ್ಟು ದೂರದಿಂದ ಇವು ಹುಡುಕಿಕೊಂಡು ಬರುವುದು ಆ ಹುಲ್ಲನ್ನೇ. ಫೋಟೊ ಬೇಕಾದವರು ಸಂಜೆ ಐದರ ಹೊತ್ತಿಗೆ ದಾರಿಯ ಮೇಲೇ ನಿಂತು ಕಾಯಿರಿ, ಅವು ಒಂದೊಂದಾಗಿ ಬಂದು ಸೇರುವುದು ಕಾಣುತ್ತದೆ.

ಪ್ರಶ್ನೆ: ಸಾವಿರಾರು ಹಕ್ಕಿಗಳು ಸಂಜೆ ಒಟ್ಟಿಗೆ ಹೊಗೆಯ ಹಾಗೆ ಸುತ್ತಿ ಮರದಲ್ಲಿ ಕೂರುತ್ತವೆ. ತಲೆ ಕಪ್ಪು, ಮೈ ತಿಳಿ ಗುಲಾಬಿ. ಮೈನಾನಾ?
— ಶಿಕ್ಷಕಿ, ಹಿರಿಯೂರು

ಉತ್ತರ: ಮೈನಾದ ನೆಂಟ, ಗುಲಾಬಿ ಕಬ್ಬಕ್ಕಿ. ಮಧ್ಯ ಏಷ್ಯಾ, ಪೂರ್ವ ಯುರೋಪಿನ ಕಡೆಯಿಂದ ಬರುತ್ತದೆ. ಬೇರೆಯವು ಬರುವ ಮುಂಚೆಯೇ, ಆಗಸ್ಟ್ ಹೊತ್ತಿಗೇ ಬರಲು ಶುರು ಮಾಡಿ ಏಪ್ರಿಲ್‌ವರೆಗೆ ಇರುತ್ತದೆ. ಜೋಳದ ತೆನೆಗೆ ಬೀಳುತ್ತದೆ ಅಂತ ರೈತರಿಗೆ ಸಿಟ್ಟು, ಅದು ನಿಜವೇ. ಆದರೆ ಮಿಡತೆಗಳನ್ನು ಲೆಕ್ಕವಿಲ್ಲದಷ್ಟು ತಿನ್ನುವುದೂ ಇದೇ. ಮುತ್ತುಗ, ಬೂರುಗ ಹೂ ಬಿಟ್ಟಾಗ ಮಕರಂದಕ್ಕೆ ಬಂದು ಮುಖಕ್ಕೆಲ್ಲ ಪರಾಗ ಮೆತ್ತಿಕೊಂಡಿರುತ್ತವೆ, ಒಳ್ಳೆಯ ಫೋಟೊ ಸಿಗುವುದು ಆಗ. ಸಂಜೆಯ ಗುಂಪಿಗೆ ಕ್ಯಾಮೆರಾ ಬೇಡ, ಮೊಬೈಲ್ ಅಡ್ಡ ಹಿಡಿದು ವಿಡಿಯೊ ಮಾಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಮೇಡಂ.

ಪ್ರಶ್ನೆ: ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿದರೆ ಅದು ಹತ್ತಿರ ಬರುತ್ತದೆ. ಹಾಗೆ ಮಾಡಬಹುದಾ?
— ಚಿತ್ರದುರ್ಗ

ಉತ್ತರ: ಬೇಡ. ತನ್ನ ಜಾಗಕ್ಕೆ ಇನ್ನೊಂದು ನುಗ್ಗಿತು ಅಂತ ಅದು ಜಗಳಕ್ಕೆ ಬರುತ್ತದೆ, ನಿಮ್ಮನ್ನು ನೋಡಲು ಅಲ್ಲ. ಮೇಯುವುದು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತಾ ಅಲೆಯುತ್ತದೆ. ಕೂಗು ಕೇಳಿ ಹಕ್ಕಿ ಯಾವುದು ಅಂತ ಹೇಳುವ ಮರ್ಲಿನ್ ಆ್ಯಪ್ ಇದೆ, ಅದನ್ನು ಹಾಕಿಕೊಳ್ಳಿ. ಕೇಳಿಸಿಕೊಳ್ಳಲು ಮಾತ್ರ. ಜೋಗಿಮಟ್ಟಿಯಂಥ ವನ್ಯಧಾಮಕ್ಕೆ ಹೋಗುವವರಂತೂ ಸ್ಪೀಕರ್ ಮನೆಯಲ್ಲೇ ಬಿಡಿ. ಗೇಟ್ ತೆಗೆಯುವ ಹೊತ್ತು, ಅನುಮತಿ ಎಲ್ಲವನ್ನೂ ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿಕೊಂಡು ಹೋಗಿ.

ಪ್ರಶ್ನೆ: ನಾನು ಹುಡುಗನಾಗಿದ್ದಾಗ ನಮ್ಮೂರ ಕೆರೆಯಲ್ಲಿ ಚಳಿಗಾಲದಲ್ಲಿ ಬಾತು, ಗೊರವ ತುಂಬಿರುತ್ತಿದ್ದವು. ಈಗ ಹೂಳೆತ್ತಿ, ಸುತ್ತ ಕಲ್ಲು ಕಟ್ಟಿ, ಕೆರೆ ತುಂಬಾ ನೀರಿದೆ. ಹಕ್ಕಿ ಮಾತ್ರ ಇಲ್ಲ. ನೀರಿದ್ದರೆ ಹಕ್ಕಿ ಬರಬೇಕಲ್ಲ?
— ನಿವೃತ್ತ ಮೇಷ್ಟ್ರು, ಹರಿಹರ ತಾಲ್ಲೂಕು

ಉತ್ತರ: ಮೇಷ್ಟ್ರೇ, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಗೊರವಗಳಿಗೆ ಬೇಕಾದದ್ದು ಬೆರಳುದ್ದದ ನೀರು ಮತ್ತು ಕೆಸರು. ಸೂಜಿಬಾಲದ ಬಾತು ತಲೆ ಕೆಳಗೆ ಬಾಲ ಮೇಲೆ ಮಾಡಿ ಕತ್ತು ಎಟುಕುವಷ್ಟು ಆಳದಲ್ಲಿ ಮಾತ್ರ ಮೇಯಬಲ್ಲದು. ಹಳೆಯ ಕೆರೆಯ ಅಂಚು ಇಳಿಜಾರಾಗಿತ್ತು, ನೀರು ಇಳಿದ ಹಾಗೆಲ್ಲ ಹೊಸ ಹೊಸ ಕೆಸರು ಬಿಚ್ಚಿಕೊಳ್ಳುತ್ತಿತ್ತು, ಅದರಲ್ಲಿ ಹುಳ, ಹುಲ್ಲಿನ ಬೀಜ ಇರುತ್ತಿದ್ದವು. ಈಗ ಕಲ್ಲಿನ ಗೋಡೆಯ ಬುಡದಲ್ಲೇ ಆಳ. ಅಂಥ ಕೆರೆಯಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆ ಬದುಕುತ್ತದೆ, ದಡದಲ್ಲಿ ನಡೆದು ಮೇಯುವ ಹಕ್ಕಿಗೆ ಕಾಲಿಡಲು ಜಾಗವಿಲ್ಲ.

ಹೂಳೆತ್ತುವುದು ತಪ್ಪು ಅಂತ ನಾನು ಹೇಳುತ್ತಿಲ್ಲ, ಊರಿಗೆ ನೀರು ಬೇಕು. ಕೆರೆಯ ಒಂದು ಮೂಲೆಯನ್ನು, ಅದರಲ್ಲೂ ಹಳ್ಳ ಬಂದು ಸೇರುವ ಹಿನ್ನೀರಿನ ಕಡೆಯನ್ನು, ಅಗೆಯದೆ ಇಳಿಜಾರಾಗಿಯೇ ಬಿಡಿ ಅಂತ ಪಂಚಾಯಿತಿಯಲ್ಲಿ ಕೇಳಿ. ನಿಮ್ಮ ವಯಸ್ಸಿನವರು ಹೇಳಿದರೆ ಕೇಳುತ್ತಾರೆ. ಮತ್ತು ನಿಮಗೆ ನೆನಪಿರುವುದನ್ನೆಲ್ಲ ಬರೆದಿಡಿ: ಯಾವ ಹಕ್ಕಿ, ಯಾವ ತಿಂಗಳು, ಕೆರೆಯ ಯಾವ ಕಡೆ. ಏಷ್ಯಾದ ನೀರು ಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ, ಸಾಮಾನ್ಯ ಜನರೂ ಸೇರಿ ಎಣಿಸುತ್ತಾರೆ. ನೀವೂ ಊರ ಹುಡುಗರನ್ನು ಕರೆದುಕೊಂಡು ನಿಮ್ಮ ಕೆರೆಯನ್ನು ಎಣಿಸಿ. ನೋಡಿದ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕಲು ಹುಡುಗರಿಗೆ ಬರುತ್ತದೆ. "ಏನೂ ಕಾಣಲಿಲ್ಲ" ಅನ್ನುವುದೂ ದಾಖಲಾಗಬೇಕಾದ ಸಂಗತಿಯೇ, ನಾಳೆ ಕೆರೆ ಸರಿಮಾಡಿ ಅಂತ ಕೇಳುವಾಗ ಕೈಯಲ್ಲಿ ಹಾಳೆ ಇರುತ್ತದೆ.

ಪ್ರಶ್ನೆ: ಗೂಬೆ ಗೂಡಿನ ಫೋಟೊ ಸಿಕ್ಕಿದೆ. ಜಾಗದ ಹೆಸರು ಹಾಕಿ ಹಂಚಿಕೊಳ್ಳಲಾ?
— ಹೊಸದುರ್ಗ

ಉತ್ತರ: ಬೇಡ. ಕುಂದವಾಡದ ನಾಮದ ಕೋಳಿ ಅಂತ ಬರೆದರೆ ಯಾರಿಗೂ ತೊಂದರೆ ಇಲ್ಲ. ಗೂಬೆಯ ಜಾಗ ಗೊತ್ತಾದರೆ ಫೋಟೊದವರಿಗಿಂತ ಮೊದಲು ಮಾಟ ಮಂತ್ರಕ್ಕೆ ಗೂಬೆ ಹಿಡಿಯುವವರು ಬರುತ್ತಾರೆ. ಯಾವ ಹಕ್ಕಿಯದೇ ಆಗಲಿ, ಗೂಡಿನ ಹತ್ತಿರ ಮತ್ತೆ ಹೋಗಬೇಡಿ.

ಪ್ರಶ್ನೆ: ಫೋಟೊ ಮಸುಕಾಗಿದೆ. ಕಳಿಸಿದರೆ ಯಾವ ಹಕ್ಕಿ ಅಂತ ಹೇಳುತ್ತೀರಾ?
— ಹಲವರು

ಉತ್ತರ: ಖಂಡಿತ ಕಳಿಸಿ, ಮಸುಕಾದರೂ ಪರವಾಗಿಲ್ಲ. ಜೊತೆಗೆ ನಾಲ್ಕು ಮಾತು ಬರೆಯಿರಿ. ಗುಬ್ಬಿಯಷ್ಟಿತ್ತಾ, ಮೈನಾದಷ್ಟಾ, ಕಾಗೆಯಷ್ಟಾ? ಕೊಕ್ಕು ನೆಟ್ಟಗಾ, ಬಾಗಿದೆಯಾ? ಕಾಲಿನ ಬಣ್ಣ ಏನು? ನೀರಿನಲ್ಲಿತ್ತಾ, ಕೆಸರಲ್ಲಾ, ತಂತಿಯ ಮೇಲಾ, ಏನು ಮಾಡುತ್ತಿತ್ತು? ಯಾವ ಊರು, ಯಾವ ತಿಂಗಳು, ಎಷ್ಟು ಹೊತ್ತು? ಫೋಟೊವನ್ನು ಕತ್ತರಿಸಿ, ಬಣ್ಣ ಬದಲಿಸಿ ಕಳಿಸಬೇಡಿ, ತೆಗೆದದ್ದು ಹೇಗಿದೆಯೋ ಹಾಗೇ ಕಳಿಸಿ.